ಅರವತ್ತು ಹುಣಸೆ ಬೀಜ

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ 21 ದಿನ ಲಾಕ್‌ಡೌನ್ ಅಂದಿದ್ದರು. ಬೇವಿನ ಹೂವಿಗೆ ಆಚೆ ಹೋಗಬಹುದೋ ಬೇಡವೋ ತಿಳಿಯಲಿಲ್ಲ. ಪಕ್ಕದ ಮನೆಯವರು ಕಾಂಪೌಂಡ್ ಮೇಲೆ ಒಂದು ಕಡ್ಡಿ ಇಟ್ಟು, ದೂರದಿಂದಲೇ ಕೂಗಿ ಹೇಳಿ ಹೋದರು. ಹಬ್ಬ ಆಯ್ತು.

ಮೈಸೂರಿನ ಮನೆಯಲ್ಲಿ ನಾವಿಬ್ಬರೇ. ನನಗೆ ಆಗ 68, ಯಜಮಾನರಿಗೆ 74. ಅವರಿಗೆ ಸಕ್ಕರೆ, ಬಿಪಿ, ಜೊತೆಗೆ ಕಿವಿ ಸ್ವಲ್ಪ ಮಂದ. ದೇಶದಲ್ಲಿ ಕೊರೊನಾಗೆ ಮೊದಲು ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರು ಅಲ್ವಾ? ಆ ಸುದ್ದಿ ಬಂದಾಗಿನಿಂದ ನ್ಯೂಜೆರ್ಸಿಯ ಮಗಳು ದಿನಕ್ಕೆ ಮೂರು ಸಲ ಫೋನ್. "ಅಪ್ಪನ್ನ ಆಚೆ ಬಿಡಬೇಡಮ್ಮ." ಸ್ವಲ್ಪ ದಿನಕ್ಕೆ ಅವಳ ಕಡೆಯೇ ನಮಗಿಂತ ಜಾಸ್ತಿ ಆಯಿತು. ಆಮೇಲೆ ಫೋನ್ ಮಾಡುವ ಸರದಿ ನನ್ನದು.

ಬಿಡಬೇಡ ಅನ್ನೋದು ಸುಲಭ. ರಿಟೈರ್ ಆದಾಗಿನಿಂದ ಈ ಮನುಷ್ಯ ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿ, ಗೆಳೆಯರ ಜೊತೆ ಕಾಫಿ ಕುಡಿದು, ಹಾಲು ಹಿಡಿದು ಬರುವವರು. ಎರಡನೇ ದಿನವೇ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ಸುಮ್ನೆ ನಿಂತಿದ್ದರು. ಮೂರನೇ ದಿನ ಸಾರಿಗೆ ಉಪ್ಪು ಜಾಸ್ತಿ ಅಂತ ಜಗಳ. ಉಪ್ಪು ಸರಿಯಾಗೇ ಇತ್ತು.

ಆ ವರ್ಷದ ಹೊಸ ಹುಣಸೆ ಬಂದಿತ್ತು, ಬೀಜ ಬಿಡಿಸುತ್ತಾ ಕೂತಿದ್ದೆ. ಆಗ ಹೊಳೆಯಿತು. ತಾರಸಿಯ ಎರಡು ಮೂಲೆಗೆ ಎರಡು ಸ್ಟೀಲ್ ಬಟ್ಟಲು ಇಟ್ಟೆ. ಒಂದರಲ್ಲಿ 60 ಬೀಜ. ಒಂದು ಸುತ್ತಿಗೆ ಒಂದು ಬೀಜ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕಬೇಕು. ಅಷ್ಟೂ ಖಾಲಿಯಾದರೆ ಸುಮಾರು ಅರ್ಧ ಗಂಟೆ ನಡಿಗೆ. ಮೊದಲು ನಕ್ಕರು, ಆಮೇಲೆ ಶುರು ಮಾಡಿದರು. ನಾನು ಕೆಳಗೆ ಒಗ್ಗರಣೆ ಹಾಕುತ್ತಾ ಟಣ್ ಟಣ್ ಸದ್ದು ಎಣಿಸುತ್ತಿದ್ದೆ. ಒಂದು ದಿನ ಎರಡು ಟಣ್ ಒಟ್ಟಿಗೇ ಕೇಳಿಸಿತು. "ಮೋಸ!" ಅಂತ ಕೂಗಿದೆ. ಕಿವಿ ಕೇಳದವರಿಗೆ ಇದು ಮಾತ್ರ ಕೇಳಿಸಿತು.

ಎಲ್ಲಾ ಉಪಾಯವೂ ಹೀಗೆ ಕೈ ಹಿಡಿಯಲಿಲ್ಲ. ಹಾಲಿನ ಪ್ಯಾಕೆಟ್ ಸೋಪು ನೀರಲ್ಲಿ ಅದ್ದಿ ತೊಳೆಯುತ್ತಿದ್ದೆ. ಒಂದರಲ್ಲಿ ಸೂಜಿಯಷ್ಟು ತೂತಿತ್ತು. ಅವತ್ತಿನ ಕಾಫಿಯ ನೊರೆ ನೋಡಿ ಇವರು, ಡಿಕಾಕ್ಷನ್ ಚೆನ್ನಾಗಿ ಇಳಿದಿದೆ ಅಂದರು, ಬಾಯಿಗೆ ಇಡೋವರೆಗೆ. ನೋಟುಗಳಿಗೆ ಇಸ್ತ್ರಿ ಹಾಕಿದ್ದನ್ನು ಮಗಳಿಗೆ ಇವತ್ತಿಗೂ ಹೇಳಿಲ್ಲ.

ನಮಗೆ ನಿಜವಾಗಿ ಕಷ್ಟ ಕೊಟ್ಟಿದ್ದು ಮಾಸ್ಕ್. ಇವರು ಅಷ್ಟು ವರ್ಷ ಅರ್ಧ ಮಾತನ್ನು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು ಅಂತ ನಮಗಿಬ್ಬರಿಗೂ ಗೊತ್ತೇ ಇರಲಿಲ್ಲ. ಔಷಧಿ ಅಂಗಡಿಗೆ ಹೋದರೆ ಹುಡುಗ ಮಾಸ್ಕ್ ಒಳಗಿಂದ ಏನೋ ಹೇಳುತ್ತಾನೆ, ಇವರು ಎಲ್ಲದಕ್ಕೂ ತಲೆ ಆಡಿಸುತ್ತಾರೆ. ಒಂದು ಸಲ ಬೇರೆ ಪವರ್ ಮಾತ್ರೆ ಹಿಡಿದು ಬಂದರು. ಮನೆಯಲ್ಲಿ ಹಳೇ ಸ್ಟ್ರಿಪ್ ಪಕ್ಕದಲ್ಲಿಟ್ಟು ನೋಡಿದ್ದಕ್ಕೆ ಗೊತ್ತಾಯಿತು. ಆಮೇಲೆ ಅಂಗಡಿಗೆ ಹಳೇ ಸ್ಟ್ರಿಪ್‌ನ ಫೋಟೋ ವಾಟ್ಸ್ಆ್ಯಪ್‌ನಲ್ಲೇ ಕಳಿಸಿದೆ. ಹುಡುಗ ಗೇಟಿಗೆ ಚೀಲ ನೇತು ಹಾಕಿ ಹೋಗುತ್ತಿದ್ದ.

ಗೆಳೆಯರ ಜೊತೆ ಫೋನಿನಲ್ಲೂ ಅದೇ ಗೋಳು. ಮಗಳು ವಿಡಿಯೋ ಕಾಲ್ ಮಾಡೋದು ಹೇಳಿಕೊಟ್ಟಳು. ಮೊದಲ ದಿನ ಒಬ್ಬರ ಹಣೆ, ಇನ್ನೊಬ್ಬರ ಫ್ಯಾನು, ಅಷ್ಟೇ ಕಂಡಿದ್ದು. ವಾರದಲ್ಲಿ ಪಳಗಿದರು. ಬೆಳಿಗ್ಗೆ ಏಳಕ್ಕೆ ನಾಲ್ಕು ಜನ, ನಾಲ್ಕು ಲೋಟ ಕಾಫಿ. ಮನೆಯೊಳಗೆ ಯಾರಿಗೂ ಮಾಸ್ಕ್ ಇಲ್ಲ. ಎಲ್ಲರ ತುಟಿಯೂ ಕಾಣುತ್ತದೆ.

ಜೂನ್‌ನಲ್ಲಿ ಅವರಲ್ಲೊಬ್ಬರು ಮಾಸ್ಕ್ ಹಾಕಿಕೊಂಡು ಗೇಟಿನವರೆಗೆ ಬಂದರು. ಆರಡಿ ದೂರ ನಿಂತು ಹತ್ತು ನಿಮಿಷ ಮಾತಾಡಿದರು. ಇವರಿಗೆ ಒಂದಕ್ಷರ ತಿಳಿಯಲಿಲ್ಲ.

"ಮನೆಗೆ ಹೋಗಿ ವಿಡಿಯೋ ಕಾಲ್ ಮಾಡಯ್ಯ," ಅಂದರು. "ಇಲ್ಲಿ ಏನೂ ಕೇಳಿಸ್ತಿಲ್ಲ."