ಗಿಟಾರ್ ಗುಂಯ್‌ಗುಟ್ಟುತ್ತಿದೆಯಾ? ಮೊದಲು ಕುರ್ಚಿ ತಿರುಗಿಸಿ ನೋಡಿ

ಬಳ್ಳಾರಿಯಲ್ಲಿ ನಮ್ಮ ಮನೆ ಗೋಡೆಗೆ ಅಂಟಿಕೊಂಡೇ ಒಂದು ಜೀನ್ಸ್ ಹೊಲಿಯುವ ಶೆಡ್ ಇದೆ. ಬೆಳಗ್ಗೆ ಅಲ್ಲಿ ಮಷಿನ್ ಶುರುವಾದರೆ ಇಲ್ಲಿ ನನ್ನ ಎಲೆಕ್ಟ್ರಿಕ್ ಗಿಟಾರೂ ಶುರು. ನುಡಿಸುವ ಮೊದಲೇ ಆಂಪ್‌ನಿಂದ, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಯಿಂದ, ಗುಂಯ್ ಅಂತ ಸದ್ದು. ಮಧ್ಯಾಹ್ನ ಅವರು ಊಟಕ್ಕೆ ಎದ್ದರೆ ಸದ್ದು ಅರ್ಧಕ್ಕರ್ಧ ಇಳಿಯುತ್ತಿತ್ತು. ಈ ಲೆಕ್ಕ ನನಗೆ ಹೊಳೆಯುವಷ್ಟರಲ್ಲಿ ಎರಡು ಹೊಸ ಕೇಬಲ್, ಒಂದು ಪೆಡಲ್ ಮನೆಗೆ ಬಂದಾಗಿತ್ತು. ಎಲ್ಲವೂ ದಂಡ.

ಈ ಸದ್ದನ್ನು ಹಿಡಿಯುವುದು ಗಿಟಾರಿನ ತಂತಿಗಳ ಕೆಳಗೆ ಕೂತಿರುವ ಪಿಕಪ್. ಪಿಕಪ್ ಅಂದರೆ ಬೇರೇನಲ್ಲ. ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅದುರಿದರೆ ಈ ಸುರುಳಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಆದರೆ ಸುರುಳಿಗೆ ನಮ್ಮವರು ತಮ್ಮವರು ಅಂತಿಲ್ಲ. ನಮ್ಮ ಮನೆಗಳ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಮೋಟರ್, ಟ್ರಾನ್ಸ್‌ಫಾರ್ಮರ್, ಹಳೆ ಟ್ಯೂಬ್‌ಲೈಟಿನ ಚೋಕ್, ಇವುಗಳ ಸುತ್ತಲಿನ ಕಾಂತಕ್ಷೇತ್ರವೂ ಅದೇ ತಾಳಕ್ಕೆ ಕುಣಿಯುತ್ತದೆ. ಸುರುಳಿ ಅದನ್ನೂ ಹಿಡಿದು ಆಂಪ್‌ಗೆ ಒಪ್ಪಿಸುತ್ತದೆ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಐದು ನಿಮಿಷ ಕಿವಿಗೊಟ್ಟು ಕೇಳಿ.

ಮೊದಲು ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ. ಆಗಲೂ ಸದ್ದು ಇದ್ದಷ್ಟೇ ಇದ್ದರೆ ಪಿಕಪ್‌ನ ತಪ್ಪಲ್ಲ. ಕೇಬಲ್, ಆಂಪ್ ಅಥವಾ ಮನೆಯ ವೈರಿಂಗ್ ಕಡೆ ನೋಡಬೇಕು.

ಸದ್ದು ನಿಂತರೆ ವಾಲ್ಯೂಮ್ ಮತ್ತೆ ಏರಿಸಿ, ಗಿಟಾರ್ ಹಿಡಿದು ಕುರ್ಚಿಯಲ್ಲಿ ಕೂತು ನಿಧಾನಕ್ಕೆ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಏರುತ್ತದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಸತ್ತೇಹೋಗುತ್ತದೆ. ಹಾಗಾದರೆ ಅದು ಕಾಂತಕ್ಷೇತ್ರದ್ದು, ದಪ್ಪ ದನಿಯ ಗುಂಯ್. ಇನ್ನು ತಂತಿ ಮೇಲೆ ಕೈ ಇಟ್ಟ ಕೂಡಲೇ ಸದ್ದು ಇಳಿದರೆ ಅದು ಬೇರೆ ಜಾತಿ. ಚೂಪಾಗಿ ಜರ್ರ್ ಅನ್ನುವಂಥದ್ದು. ಎಲ್‌ಇಡಿ ಬಲ್ಬು, ಫ್ಯಾನ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್, ಕರೆಂಟ್ ಹೋದಾಗ ಓಡುವ ಅಗ್ಗದ ಇನ್ವರ್ಟರ್ ಇದಕ್ಕೆ ಕಾರಣ. ಒಂದೊಂದಾಗಿ ಆಫ್ ಮಾಡುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಈ ಎರಡಕ್ಕೂ ಒಂದೇ ಮದ್ದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಗಿಟಾರಿನ ಒಳಗೆ ತಾಮ್ರದ ಟೇಪ್ ಹಚ್ಚಿದರೆ ಜರ್ರ್ ಹೋಗುತ್ತದೆ, ಗುಂಯ್ ಹೋಗುವುದಿಲ್ಲ. 50 ಹರ್ಟ್ಸ್ ಕಾಂತಕ್ಷೇತ್ರ ತೆಳು ತಾಮ್ರಕ್ಕೆ ಜಗ್ಗುವುದಿಲ್ಲ.

ಗುಂಯ್‌ಗೆ ದೂರವೇ ಮೊದಲ ಔಷಧ. ನಾನು ಕೂರುವ ಜಾಗವನ್ನು ಶೆಡ್ಡಿನ ಗೋಡೆಯಿಂದ ಎದುರು ಗೋಡೆಗೆ ಬದಲಿಸಿದೆ, ಆಂಪ್‌ನಿಂದಲೂ ನಾಲ್ಕು ಹೆಜ್ಜೆ ಹಿಂದೆ ಕೂತೆ. ಪೈಸೆ ಖರ್ಚಿಲ್ಲದೆ ಸದ್ದು ಮುಕ್ಕಾಲು ಪಾಲು ಹೋಯಿತು. ನಿಮ್ಮದು ಮೂರು ಪಿಕಪ್, ಐದು ಹಂತದ ಸ್ವಿಚ್ಚಿನ ಸ್ಟ್ರಾಟೋಕ್ಯಾಸ್ಟರ್ ಮಾದರಿಯಾ? ಎರಡನೇ ಮತ್ತು ನಾಲ್ಕನೇ ಹಂತ ಹಾಕಿ ನೋಡಿ. ಈಗಿನ ಹಲವು ಗಿಟಾರುಗಳಲ್ಲಿ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿ, ಆಯಸ್ಕಾಂತವನ್ನೂ ತಿರುಗಿಸಿ ಇಟ್ಟಿರುತ್ತಾರೆ. ಹಾಗಾಗಿ ಎರಡು ಸುರುಳಿ ಕೂಡಿದಾಗ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ನಾದ ಮಾತ್ರ ಉಳಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಕೂಡ ಇದೇ ಉಪಾಯದ್ದು. ಎರಡೂ ಸುರುಳಿ ಒಂದೇ ಪಿಕಪ್‌ನಲ್ಲಿ ಜೋಡಿಯಾಗಿ ಕೂತಿರುತ್ತವೆ, ಅಷ್ಟೇ.

ಈಗ ಜರ್ರ್ ವಿಷಯ. ಇದಕ್ಕೆ ಒಂದು ಭಾನುವಾರ ಬೇಕು.

ಕೇಬಲ್ ಕಿತ್ತು, ತಂತಿ ಸಡಿಲಿಸಿ ತೆಗೆಯಿರಿ. ವೈರಿಂಗಿನ ಫೋಟೊ ಹೊಡೆದುಕೊಳ್ಳಿ, ಇದನ್ನು ಮರೆತು ನಾನು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೇನೆ. ಗಿಟಾರಿನ ಮುಂಭಾಗದ ಪ್ಲಾಸ್ಟಿಕ್ ತಟ್ಟೆ, ಅಂದರೆ ಪಿಕ್‌ಗಾರ್ಡ್ ಬಿಚ್ಚಿ, ಒಳಗಿನ ಗುಳಿಯ ತಳಕ್ಕೂ ಗೋಡೆಗೂ ತಾಮ್ರದ ಟೇಪ್ ಅಂಟಿಸಿ. ಅಂಟಿನಲ್ಲೂ ಕರೆಂಟ್ ಹರಿಯುವ ಟೇಪೇ ಬೇಕು ಅಂತ ಕೇಳಿ ತನ್ನಿ. ಚಪಾತಿ ಸುತ್ತುವ ಫಾಯಿಲ್ ಆಗಲ್ವಾ ಅಂತೀರಿ. ತಡೆಯುವ ಕೆಲಸವನ್ನೇನೋ ಮಾಡುತ್ತದೆ, ಆದರೆ ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಟೇಪನ್ನು ಗುಳಿಯ ಅಂಚಿನ ಮೇಲೆ ಚೂರು ಮಡಚಿ ಬಿಡಿ, ಪಿಕ್‌ಗಾರ್ಡಿನ ಬೆನ್ನಿಗೂ ಟೇಪ್ ಹಚ್ಚಿ. ಮುಚ್ಚಿದಾಗ ಎರಡೂ ತಾಗಬೇಕು. ಒಂದು ಕಡೆ ವೈರಿನಿಂದ ವಾಲ್ಯೂಮ್ ಗುಂಡಿಯ ಕೆಳಗಿರುವ ಪಾಟ್‌ನ ಬೆನ್ನಿಗೆ ಬೆಸೆಯಿರಿ. ಗಿಟಾರಿನ ಮೈಮೇಲೆ ತಂತಿಗಳನ್ನು ಹಿಡಿದಿರುವ ಲೋಹದ ಬ್ರಿಡ್ಜ್‌ನಿಂದ ಬರುವ ಗ್ರೌಂಡ್ ವೈರ್ ಅಲ್ಲಿಗೇ ಬಂದಿರುತ್ತದೆ. ಅದು ಬಿಟ್ಟುಹೋಗಿದ್ದರೆ ಎಷ್ಟು ಟೇಪ್ ಹಚ್ಚಿದರೂ ಸುಮ್ನೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಟೇಪಿಗೆ, ಇನ್ನೊಂದು ಬ್ರಿಡ್ಜ್‌ಗೆ ಮುಟ್ಟಿಸಿ. ಕೂಗಿತಾ? ಸರಿ. ಕೇಬಲ್ ಚುಚ್ಚುವ ಜ್ಯಾಕ್‌ನಲ್ಲಿ ಗಿಟಾರಿನ ಸದ್ದು ಸಾಗುವ ಹಾಟ್ ಕಾಲು ಮಾತ್ರ ತಾಮ್ರಕ್ಕೆ ತಾಗಬಾರದು, ತಾಗಿದರೆ ಗಿಟಾರ್ ಪೂರ್ತಿ ಮೂಕ. ಆ ಜಾಗಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ.

ಇಷ್ಟು ಮಾಡಿಯೂ ಸದ್ದಿದ್ದರೆ? ನನ್ನ ಕೋಣೆಯಲ್ಲಿ ಇತ್ತು. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ನೋಡಲೇ ಇಲ್ಲ, ಸೀದಾ ಹಿತ್ತಲಿಗೆ ಹೋದರು. "ಅಣ್ಣಾ, ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ದಿನ ಆತು?" ನಾನು ಒಮ್ಮೆಯೂ ಹಾಕಿರಲಿಲ್ಲ. ನಮ್ಮ ಬೇಸಿಗೆಗೆ ಮಣ್ಣು ಒಣಗಿ ಬಿರುಕು ಬಿಡುತ್ತದೆ, ಒಣ ಮಣ್ಣು ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು, ಆಗಾಗ ನೀರು ಸುರಿಯುವುದು ಇದೇ ಕಾರಣಕ್ಕೆ. ಎರಡು ಕೊಡ ನೀರು ಬಿದ್ದ ಮೇಲೆ ವ್ಯತ್ಯಾಸ ಕಿವಿಗೇ ಗೊತ್ತಾಯಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸದ್ದು ಕಡಿಮೆಯಾಗುತ್ತದೆ ಅಂತ ಕೆಲವರು ಆಂಪ್ ಪ್ಲಗ್ಗಿನ ಮೂರನೇ ದಪ್ಪ ಪಿನ್ ಮುರಿದುಹಾಕುತ್ತಾರೆ. ಬೇಡವೇ ಬೇಡ. ಗಿಟಾರಿನ ತಂತಿ ಕೇಬಲ್ ಮೂಲಕ ಆಂಪ್‌ನ ಲೋಹದ ಮೈಗೆ ಸೇರಿರುತ್ತದೆ. ಒಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ನಿಮ್ಮ ಬೆರಳಿಗೇ ಬರುತ್ತದೆ. ತಂತಿ ಮುಟ್ಟಿದಾಗ ಜುಮ್ ಅಂದರೆ ಆಂಪ್‌ಗೆ ಬರುವ ಕರೆಂಟ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಗಣೇಶನ ಪೆಂಡಾಲಿನಲ್ಲಿ ಜನರೇಟರ್ ಮೇಲೆ ನುಡಿಸುವವರು ಗಿಟಾರ್ ಮುಟ್ಟುವ ಮೊದಲು ತಂತಿಗೆ ಟೆಸ್ಟರ್ ಇಟ್ಟು ನೋಡಿ.

ಜೋರಾಗಿ ನುಡಿಸಿದಾಗ ಕೀಂಯ್ ಅಂತ ಸಿಳ್ಳೆ ಬಂದರೆ ಅದು ಕರೆಂಟಿನ ಕಾಟವಲ್ಲ. ಸುರುಳಿಯ ಸುತ್ತುಗಳು ಸಡಿಲವಾಗಿ ಅವೇ ಅದುರುತ್ತಿರುತ್ತವೆ. ಮೇಣ ಕರಗಿಸಿ ಪಿಕಪ್ ಅದ್ದುತ್ತಾರೆ. ಬಿಸಿ ಜಾಸ್ತಿಯಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹಾಗಾಗಿ ಇದನ್ನು ಗೊತ್ತಿದ್ದವರ ಕೈಗೇ ಕೊಡಿ.

ಕೊನೆಗೂ ಗುಂಯ್ ತಡೆಯಲಾಗದೆ ಪಿಕಪ್ಪನ್ನೇ ಬದಲಿಸುವ ಮನಸ್ಸಾದರೆ, ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ಪಿನ ಗಾತ್ರದಲ್ಲೇ ಹಂಬಕರ್ ಸಿಗುತ್ತದೆ, ಮರ ಕೆತ್ತಬೇಕಿಲ್ಲ. ವೈರಿನ ಬಣ್ಣ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಡಬ್ಬಿಯೊಳಗಿನ ಚೀಟಿ ನೋಡಿಯೇ ಬೆಸೆಯಿರಿ. ಪಿಕ್‌ಗಾರ್ಡಿನ ಸ್ಕ್ರೂ ಹಾಕುವ ಮೊದಲು ಕೇಬಲ್ ಚುಚ್ಚಿ, ಪಿಕಪ್ ಮೇಲೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ. ಟಕ್ ಟಕ್ ಅಂತ ಆಂಪ್‌ನಲ್ಲಿ ಕೇಳಿಸಿದರೆ ಸ್ಕ್ರೂ ಬಿಗಿಯಬಹುದು.