ಹಳೇ ಪೇಪರ್‌ನಿಂದ ಕವಿತೆ ಎತ್ತೋದು ಹೇಗೆ: ಕನ್ನಡದಲ್ಲಾದ್ರೆ ಕ್ರಿಯಾಪದದಿಂದ ಶುರು ಮಾಡಿ

ಫೌಂಡ್ ಪೊಯೆಟ್ರಿ ಅಂದ್ರೆ ಹೊಸದಾಗಿ ಒಂದಕ್ಷರಾನೂ ಬರೆಯದೆ, ಬೇರೆ ಯಾವುದೋ ಕಾರಣಕ್ಕೆ ಅಚ್ಚಾಗಿರೋ ಪುಟದಿಂದ ಪದ ಆರಿಸಿ ಕವಿತೆ ಮಾಡೋದು. ಬೇಡದ ಪದಗಳ ಮೇಲೆ ಬಣ್ಣ, ಇಂಕು, ಬಟ್ಟೆ ಚೂರು, ದಾರ, ಏನು ಬೇಕಾದ್ರೂ ಬರಬಹುದು, ಅಲ್ಲಿಗೆ ಅದು ಮಿಕ್ಸ್ಡ್ ಮೀಡಿಯಾ ಆಯ್ತು. ಇಂಗ್ಲೆಂಡಿನ ಟಾಮ್ ಫಿಲಿಪ್ಸ್ ಅನ್ನೋ ಕಲಾವಿದರು 1966ರಲ್ಲಿ ಒಂದು ಹಳೇ ಕಾದಂಬರಿ ಕೊಂಡು ಅದರ ಪ್ರತಿ ಪುಟದ ಮೇಲೂ ಚಿತ್ರ ಬರೆದು ಅಲ್ಲಲ್ಲಿ ಪದ ಉಳಿಸ್ತಾ ಹೋದ್ರು, ಮಾಡಿದ ಪುಟಾನೇ ಮತ್ತೆ ಮಾಡಿ ಮಾಡಿ ಅದರ ಕೊನೇ ಆವೃತ್ತಿ ಬಂದಿದ್ದು 2016ರಲ್ಲಿ. ನಮಗೆ ಸದ್ಯಕ್ಕೆ ಒಂದು ಪುಟ ಸಾಕು.

ಮೊದಲು ಪುಟ ಹುಡುಕೋದು. ಕವಿತೆ ಥರಾನೇ ಇರೋ ಬರಹ ಬೇಡ, ಅದರಲ್ಲಿ ನಮಗೆ ಮಾಡೋಕೆ ಏನೂ ಉಳಿದಿರಲ್ಲ. ರಾಜಕೀಯ ಸುದ್ದಿನೂ ನನಗೆ ಆಗಿಬರಲ್ಲ, ಸಾಲು ಸಾಲಿಗೂ ‘ಎಂದು ಹೇಳಿದರು’, ‘ಆರೋಪಿಸಿದರು’ ಅಂತ ಅದೇ ಅದೇ. ಚೆನ್ನಾಗಿ ಕೆಲಸಕ್ಕೆ ಬರೋದು ಯಾರಿಗೋ ಏನೋ ಮಾಡಿ ಅಂತ ಹೇಳೋ ಬರಹ: ಕೃಷಿ ಸಲಹೆ, ಗೊಬ್ಬರದ ಕರಪತ್ರ, ಕರೆಂಟ್ ಹೋಗುತ್ತೆ ಅನ್ನೋ ಪ್ರಕಟಣೆ, ಪಂಚಾಂಗದ ಮಳೆ ನಕ್ಷತ್ರದ ಪುಟ, ಲಗ್ನಪತ್ರಿಕೆ. ನಮ್ಮ ಚಿಕ್ಕಮಗಳೂರು ಕಡೆ ತೋಟ ಇರೋ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತೆ ನೋಡಿ, ದಿನಾ ಎಷ್ಟು ಇಂಚು ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದು ಪಕ್ಕದಲ್ಲಿ ಒಂದೆರಡು ಪದ ಗೀಚಿರ್ತಾರೆ, ಅದಕ್ಕಿಂತ ಒಳ್ಳೆ ಮೂಲ ನನಗೆ ಗೊತ್ತಿಲ್ಲ. ಆದ್ರೆ ಅಂಥ ಪುಸ್ತಕ ಇರೋದು ಒಂದೇ ಪ್ರತಿ, ದಯವಿಟ್ಟು ಅದರ ಮೇಲೆ ಕೈ ಮಾಡ್ಬೇಡಿ, ಜೆರಾಕ್ಸ್ ತೆಗೆಸಿ. ಗುಜರಿಗೆ ಹೋಗೋ ಪೇಪರ್ ಆದ್ರೆ ನೇರವಾಗೇ ಹಚ್ಚಬಹುದು, ಆದ್ರೆ ನ್ಯೂಸ್‌ಪ್ರಿಂಟ್ ಬೇಗ ಹಳದಿ ಆಗಿ ಪುಡಿಯಾಗುತ್ತೆ, ಗೋಡೆ ಮೇಲೆ ಹಾಕೋ ಕೆಲಸ ಅಂದ್ರೆ ಅದನ್ನೂ ಜೆರಾಕ್ಸ್ ಮಾಡಿಸೋದೇ ವಾಸಿ.

ಈಗ ಪದ ಆರಿಸೋದು, ಇಲ್ಲೇ ಎಲ್ಲಾ ಇರೋದು. ಇಂಗ್ಲಿಷ್ ವಿಡಿಯೋಗಳಲ್ಲಿ ಇಷ್ಟ ಆದ ಪದಕ್ಕೆಲ್ಲ ಸುತ್ತು ಹಾಕಿ ಅಂತಾರೆ. ಕನ್ನಡದಲ್ಲಿ ಹಾಗೆ ಮಾಡಿದ್ರೆ ಮಂಜು, ಮೌನ, ಬೆಟ್ಟ, ನೆನಪು ಅಂತ ನಾಮಪದಗಳ ರಾಶಿ ಬೀಳುತ್ತೆ ಅಷ್ಟೇ, ಯಾರೂ ಏನೂ ಮಾಡ್ತಿರಲ್ಲ. ನಮ್ಮ ವಾಕ್ಯದ ಜೀವ ಕೊನೇಲಿರುತ್ತೆ, ಬಂದದ್ದು ಅವನೋ ಅವಳೋ, ಆಗೋಯ್ತೋ ಇನ್ನೂ ಆಗ್ಬೇಕೋ, ಎಲ್ಲಾ ಕ್ರಿಯಾಪದದ ಬಾಲದಲ್ಲೇ. ಹಾಗಾಗಿ ಪೆನ್ಸಿಲ್ ತಗೊಂಡು ಪುಟದ ಕೆಳಗಿಂದ ಮೇಲಕ್ಕೆ ಹೋಗಿ, ಕ್ರಿಯಾಪದ ಮಾತ್ರ ಗುರುತು ಮಾಡಿ, ಅದರಲ್ಲಿ ಒಂದು ಹಿಡ್ಕೊಂಡು ಆಮೇಲೆ ಅದಕ್ಕೆ ಏನು ಬೇಕು ಅಂತ ಮೇಲಿನ ಸಾಲುಗಳಲ್ಲಿ ಹುಡುಕಿ.

ಉದಾಹರಣೆಗೆ ಕೃಷಿ ಪುಟದ ಧಾಟೀಲಿ ನಾನೇ ಬರೆದ ಒಂದು ಪ್ಯಾರಾ (ಹೂಮಳೆ ಅಂದ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ):

‘ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಗಿಡಗಳಲ್ಲಿ ಮೊಗ್ಗು ಅರಳುತ್ತದೆ. ಈ ಸಮಯದಲ್ಲಿ ತೋಟದೊಳಗೆ ಓಡಾಟ ಕಡಿಮೆ ಮಾಡಬೇಕು. ಔಷಧಿ ಸಿಂಪಡಿಸಬಾರದು. ಮುಂದಿನ ಮಳೆ ಸಮಯಕ್ಕೆ ಬಾರದಿದ್ದರೆ ಸ್ಪ್ರಿಂಕ್ಲರ್ ಮೂಲಕ ನೀರು ಕೊಟ್ಟು ಕಾಯಬೇಕು.’

ಕೆಳಗಿಂದ ಬಂದ್ರೆ ಮೊದಲು ಸಿಗೋದು ‘ಕಾಯಬೇಕು’. ಯಾರಿಗೆ, ಯಾಕೆ? ಒಂಚೂರು ಮೇಲೆ ‘ಬಾರದಿದ್ದರೆ’ ಇದೆ. ಅದರ ಹಿಂದಿನ ‘ಮಳೆ’ ಮುಚ್ಚಿಬಿಡಿ. ಈಗ ಬಾರದೆ ಇರೋದು ಮಳೆಯಲ್ಲ, ಯಾರೋ ಒಬ್ಬರು. ಕನ್ನಡದಲ್ಲಿ ಕರ್ತೃ ಹೇಳದೆ ಬಿಟ್ರೂ ವಾಕ್ಯ ನಿಲ್ಲುತ್ತೆ, ಈ ಕೆಲಸಕ್ಕೆ ಅದೊಂದು ದೊಡ್ಡ ಅನುಕೂಲ. ಕೊನೆಗೆ ಉಳಿಯೋದು:

ಮೊಗ್ಗು ಅರಳುತ್ತದೆ
ಈ ಸಮಯದಲ್ಲಿ
ಓಡಾಟ ಕಡಿಮೆ
ಬಾರದಿದ್ದರೆ
ಕಾಯಬೇಕು

ಪದಗಳ ಕ್ರಮ ನಾನು ಬದಲಾಯಿಸಿಲ್ಲ, ನೀವೂ ಬದಲಾಯಿಸ್ಬೇಡಿ, ಆ ಕಟ್ಟುಪಾಡು ಇದ್ರೇನೇ ಪುಟದ ಜೊತೆ ಗುದ್ದಾಡೋ ಸುಖ. ಪ್ರತ್ಯಯ ಮಾತ್ರ ಮುಚ್ಚಬಹುದು, ‘ಗಿಡಗಳಲ್ಲಿ’ ಅನ್ನೋದ್ರಲ್ಲಿ ‘ಗಿಡ’ ಮಾತ್ರ ಉಳಿಸಬಹುದು. ಎಲ್ಲಾ ಕಡೆ ಇದು ನಡೆಯಲ್ಲ, ‘ಊರಿಂದ’ ಅನ್ನೋದ್ರಿಂದ ‘ಊರು’ ಸಿಗಲ್ಲ, ‘ರಿ’ ಅಡ್ಡ ನಿಂತಿರುತ್ತೆ. ಆಗ ಆ ಪದ ಬಿಟ್ಟು ಮುಂದೆ ಹೋಗಿ.

ಪದ ಗಟ್ಟಿಯಾದ ಮೇಲೆ ಬಣ್ಣ. ಜೆರಾಕ್ಸ್ ಯಾಕೆ ಹೇಳ್ದೆ ಅಂದ್ರೆ ಅದರ ಅಕ್ಷರ ಟೋನರ್, ಅಂದ್ರೆ ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪುಡಿ, ನೀರು ಬಿದ್ರೂ ಹರಡಲ್ಲ, ಮನೆಯ ಇಂಕ್‌ಜೆಟ್ ಪ್ರಿಂಟ್ ಆದ್ರೆ ಬ್ರಷ್ ತಾಗಿದ ತಕ್ಷಣ ಕಲಸಿಹೋಗಬಹುದು. ಹಿಂದೆ ದಪ್ಪನೆಯ, ಅಂದ್ರೆ 300 ಜಿಎಸ್‌ಎಂ ವಾಟರ್‌ಕಲರ್ ಪೇಪರ್ ಇಲ್ಲಾ ಮೌಂಟ್ ಬೋರ್ಡ್ ಅನ್ನೋ ದಪ್ಪ ರಟ್ಟು ಕೊಡಿ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಬೋರ್ಡ್ ಮೇಲೆ ತೆಳ್ಳಗೆ ಹಚ್ಚಿ, ಹಾಳೆ ಇಟ್ಟು ನಡುವಿನಿಂದ ಅಂಚಿಗೆ ಸ್ಕೇಲಿನಿಂದ ಗಾಳಿ ತಳ್ಳಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ ದಪ್ಪ ಪುಸ್ತಕ ಹೇರಿ. ಪೂರ್ತಿ ಒಣಗೋವರೆಗೂ ಬಣ್ಣದ ತಂಟೆಗೆ ಹೋಗ್ಬೇಡಿ.

ಉಳಿಸ್ಬೇಕಾದ ಪದಗಳ ಮೇಲೆ ಬಿಳಿ ಮೇಣದಬತ್ತಿ ಒತ್ತಿ ಉಜ್ಜಿ, ಆಮೇಲೆ ತೆಳುವಾದ ಇಂಕ್ ಇಲ್ಲಾ ಗಟ್ಟಿ ಕಾಫಿ ಡಿಕಾಕ್ಷನ್ ಹರಿಸಿ. ಮೇಣ ಇರೋ ಕಡೆ ನೀರು ನಿಲ್ಲಲ್ಲ, ಪದ ತಾನೇ ಬೆಳ್ಳಗೆ ಎದ್ದು ಕಾಣುತ್ತೆ. ದಪ್ಪ ಅಕ್ರಿಲಿಕ್‌ಗೆ ಈ ಉಪಾಯ ನಡೆಯಲ್ಲ, ಅದು ಮೇಣದ ಮೇಲೂ ಕೂರುತ್ತೆ. ಡಿಕಾಕ್ಷನ್‌ನ ಬಟ್ಟೇಲಿ ಸೋಸ್ಕೊಳ್ಳಿ, ಚರಟ ಕಾಗದದ ಮೇಲೆ ಉಳಿದ್ರೆ ಬೂಷ್ಟು ಬರುತ್ತೆ. ಮಾರ್ಕರ್‌ನಲ್ಲಿ ಮುಚ್ಚೋರು ಒತ್ತಕ್ಷರ ನೋಡ್ಕೊಳ್ಳಿ, ‘ಅರಳುತ್ತದೆ’ ಪದದ ಕೆಳಗಿನ ತ ಒತ್ತು ಮುಂದಿನ ಸಾಲಿನ ನೆತ್ತಿಗೇ ತಾಗೋ ಹಾಗಿರುತ್ತೆ, ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಒತ್ತು ಹಾರಿಹೋಗಿ ಪದಾನೇ ಕೆಡುತ್ತೆ. ಒಂದೊಂದು ಪದದ ಸುತ್ತಲೂ ಸಣ್ಣ ಬ್ರಷ್‌ನಲ್ಲಿ ಅಂಚು ಕಟ್ಟಿ ಆಮೇಲೆ ಉಳಿದ ಜಾಗ ತುಂಬಿಸಿ.

ಬರೀ ಕಪ್ಪು ಪಟ್ಟಿ ಎಳೆದು ಬಿಡೋದು ನನಗೆ ಅಷ್ಟು ಹಿಡಿಸಲ್ಲ. ಮುಚ್ಚೋ ಬಣ್ಣಾನೂ ಏನಾದ್ರೂ ಹೇಳ್ಬೇಕು. ಮೇಲಿನ ಕವಿತೆಗಾದ್ರೆ ಬೇಡದ ಪದಗಳನ್ನ ಕಾಫಿ ತೋಟದ ನೆರಳಿನ ಮರ ಸಿಲ್ವರ್ ಓಕ್‌ನ ಉದ್ದುದ್ದ ಕಾಂಡಗಳಾಗಿ ಬೂದು ಬಣ್ಣದಲ್ಲಿ ಮುಚ್ಚಿ, ‘ಮೊಗ್ಗು’ವಿನಿಂದ ‘ಕಾಯಬೇಕು’ವರೆಗೆ ಓದೋ ದಾರಿ ತಿಳಿಯೋ ಹಾಗೆ ಹಸಿರು ದಾರದಲ್ಲಿ ಮೆಣಸಿನ ಬಳ್ಳಿ ಹೊಲಿಬಹುದು. ಸೂಜಿ ತೂತು ಮೊದಲೇ ಹಾಕ್ಕೊಳ್ಳಿ, ಎರಡು ತೂತು ತೀರಾ ಹತ್ತಿರ ಆದ್ರೆ ಕಾಗದ ಹರಿಯಬಹುದು. ಗೋಣಿಚೀಲದ ಒಂದು ಚೂರು ಕೆಳಗಡೆ ಅಂಟಿಸಿದ್ರೆ ಚೆನ್ನಾಗಿರುತ್ತೆ, ಆದ್ರೆ ನಿಜವಾದ ಕಾಫಿ ಬೀಜ ಅಂಟಿಸೋದು ಬೇಡ, ಪದ ಹೇಳಿದ್ದನ್ನೇ ಅದು ಇನ್ನೊಂದ್ಸಲ ಹೇಳುತ್ತೆ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸ ಮಾಡೋರು ಫ್ರೇಮ್ ಹಾಕಿಸೋಕೆ ಅವಸರ ಮಾಡ್ಬೇಡಿ, ಒಳಗೆ ತೇವ ಸಿಕ್ಕಿಕೊಂಡ್ರೆ ಆಮೇಲೆ ಏನೂ ಮಾಡೋಕಾಗಲ್ಲ. ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ಮೌಂಟ್ (ನಡು ಕತ್ತರಿಸಿದ ದಪ್ಪ ರಟ್ಟು) ಇರ್ಲಿ, ಮಳೆ ಹೊಡೆಯೋ ಹೊರಗೋಡೆ ಮೇಲಂತೂ ತೂಗುಹಾಕ್ಬೇಡಿ.

ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಯಾವ ಪತ್ರಿಕೆ, ಯಾವ ತಾರೀಖು ಅಂತ ಬರೆದಿಡಿ, ಪದ ಬೇರೆಯವರದ್ದು, ಅದು ಕಾಣ್ಬೇಕು. ತಿಥಿ ಕಾರ್ಡ್, ಲಗ್ನಪತ್ರಿಕೆ ತಗೊಂಡ್ರೆ ಮೊದಲು ಹೆಸರು, ಫೋನ್ ನಂಬರ್ ಮುಚ್ಚಿ, ಆಮೇಲೆ ಮಿಕ್ಕಿದ್ದಕ್ಕೆ ಕೈ ಹಾಕಿ.