ಗ್ರಹಣಕ್ಕೆ ಬಾಗಿಲು ಹಾಕ್ತೀವಿ, ಪೇಂಟ್ ಧೂಳಿಗೆ?

ಗ್ರಹಣ ಅಂದ್ರೆ ಸಾಕು, ಬಸುರೀನ ಒಳಗಿನ ರೂಮಲ್ಲಿ ಕೂರಿಸ್ಬಿಡ್ತಾರೆ, ಚಾಕು ಮುಟ್ಬೇಡ ಮಗೂಗೆ ಸೀಳುತುಟಿ ಆಗುತ್ತೆ ಅಂತ. ಗ್ರಹಣದಿಂದ ಸೀಳುತುಟಿ ಬರಲ್ಲ ಬಿಡಿ. ಆದ್ರೆ ಅದೇ ರೂಮಿನ ಕಿಟಕೀನ ಹಿಂದಿನ ವಾರ ತಾನೇ ಕೆರೆದು ಪೇಂಟ್ ಹೊಡೆಸಿರ್ತಾರೆ, ಸಂದೀಲಿ ಇನ್ನೂ ಬಿಳಿ ಪುಡಿ ಕೂತಿರುತ್ತೆ, ಅದು ಯಾರ ಕಣ್ಣಿಗೂ ಬೀಳಲ್ಲ.

ಮಗೂಗೆ ಹುಟ್ಟಿನಿಂದ್ಲೇ ಬರೋ ತೊಂದ್ರೆ ಆದಷ್ಟು ತಪ್ಪಿಸ್ಬೇಕು ಅಂದ್ರೆ ಮೊದಲು ಕ್ಯಾಲೆಂಡರ್ ನೋಡಿ. ನಾವು ಹುಷಾರಾಗೋದು ಹೊಟ್ಟೆ ಕಂಡ್ಮೇಲೆ. ಮಗುವಿನ ಹೃದಯ, ಕೈಕಾಲು, ಮುಖ ಎಲ್ಲಾ ರೂಪ ತಗೊಳ್ಳೋದು ಗರ್ಭ ನಿಂತ 3ರಿಂದ 8ನೇ ವಾರದಲ್ಲಿ, ಮುಂದೆ ಮಿದುಳು-ಬೆನ್ನುಹುರಿ ಆಗೋ ನಾಳ ಮುಚ್ಚೋದಂತೂ ಸುಮಾರು 28 ದಿನದೊಳಗೆ, ಅಂದ್ರೆ ಮುಟ್ಟು ತಪ್ತಲ್ಲಾ ಅಂತ ಮೆಡಿಕಲ್ ಶಾಪಿಂದ ಕಿಟ್ ತರೋ ಹೊತ್ತಿಗೆ ಒಳಗೆ ಕೆಲಸ ಜೋರಾಗೇ ನಡೀತಿರುತ್ತೆ. ಅದಕ್ಕೇ ಮಗು ಬೇಕು ಅಂದ್ಕೊಂಡಾಗ್ಲೇ ದಿನಾ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ. ಮೊಡವೆಗೆ ಐಸೊಟ್ರೆಟಿನೊಯಿನ್, ಫಿಟ್ಸ್‌ಗೆ ವಾಲ್ಪ್ರೊಯೇಟ್ ತಗೊಳ್ತಿದ್ರೆ ಆಗ್ಲೇ ಡಾಕ್ಟರಿಗೆ ಹೇಳ್ಬಿಡಿ, ಫಿಟ್ಸ್ ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ. ಎಣ್ಣೆ, ಸಿಗರೇಟ್ ಬಗ್ಗೆ ಹೇಳೋದೇ ಬೇಡ, ಗಂಡ ಬಾಲ್ಕನೀಲಿ ಸೇದೋದೂ ಲೆಕ್ಕಕ್ಕೆ ಬರುತ್ತೆ.

ಆಮೇಲೆ ಮನೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆ ಆದ್ರೆ ಇನ್ನೂ ಜಾಸ್ತಿ ಹುಷಾರು. ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರ್ದು ಅನ್ನೋ ರೂಲ್ಸ್ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ, ಹಾಗಾಗಿ ಕಿಟಕಿ ಸರಳು, ಬಾಗಿಲ ಚೌಕಟ್ಟಿನ ಹಳೇ ಎನಾಮಲ್ ಪೇಂಟನ್ನ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ರೆ ಏಳೋ ಧೂಳಲ್ಲಿ ಸೀಸ ಇರಬಹುದು, ಅದು ತಾಯಿ ರಕ್ತ ಸೇರಿ ಮಾಸು ದಾಟಿ ಮಗು ತನಕ ಹೋಗುತ್ತೆ, ಮಿದುಳಿನ ಬೆಳವಣಿಗೆಗೇ ಏಟು. ಪೇಂಟ್ ಕೆಲಸ ಮುಂದಕ್ಕೆ ಹಾಕಿ, ಆಗಲ್ಲ ಅಂದ್ರೆ ಕೆಲಸ ಮುಗಿಯೋ ತನಕ ಬಸುರಿ ತವರಲ್ಲಿರ್ಲಿ. ಒಣ ಪೊರಕೆ ಹಿಡೀಬೇಡಿ, ಒದ್ದೆ ಬಟ್ಟೇಲಿ ಒರೆಸಿ. ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇದ್ರೆ ಸೀಸ ಇನ್ನೂ ಜಾಸ್ತಿ ಹೀರ್ಕೊಳುತ್ತೆ, ಅದಕ್ಕೆ ರಾಗಿ, ಹಾಲು, ಸೊಪ್ಪು ಬಿಡ್ಬೇಡಿ.

ನೀರು ಬೋರ್‌ವೆಲ್ಲದ್ದೋ ಟ್ಯಾಂಕರಿಂದೋ ಆದ್ರೆ ಒಂದ್ಸಲ ಲ್ಯಾಬಲ್ಲಿ ನೈಟ್ರೇಟ್ (ಗೊಬ್ಬರ, ಚರಂಡಿಯಿಂದ ನೀರಿಗೆ ಸೇರೋ ರಾಸಾಯನಿಕ) ಟೆಸ್ಟ್ ಮಾಡ್ಸಿ. ಲೀಟರಿಗೆ 45 ಮಿಲಿಗ್ರಾಂ ದಾಟಿದ್ರೆ ಆರ್‌ಓ ಬೇಕು, ಕುದಿಸಿದ್ರೆ ಅದು ಹೋಗಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತೆ. ಮೀನು ತಿನ್ನೋರು ಬಂಗುಡೆ, ಬೂತಾಯಿ ತಿನ್ನಿ. ಶಾರ್ಕ್ ಥರದ ದೊಡ್ಡ ಮೀನು ಬೇಡ, ಪಾದರಸ ಜಾಸ್ತಿ.

ಇಷ್ಟೆಲ್ಲಾ ಮಾಡಿದ್ರೂ ನೂರು ಮಕ್ಕಳಲ್ಲಿ ಹತ್ರಹತ್ರ ಮೂವರಿಗೆ ಹುಟ್ಟಿನಿಂದ್ಲೇ ಏನಾದ್ರೂ ತೊಂದ್ರೆ ಇರುತ್ತೆ, ಎಷ್ಟೋ ಸಲ ಕಾರಣಾನೇ ಸಿಗಲ್ಲ. ಅದಕ್ಕೇ ಅತ್ತೆಯವರೇ, ಆಸ್ಪತ್ರೆ ವಾರ್ಡಲ್ಲಿ ನಿಂತು "ಅವತ್ತು ಏನ್ ತಿಂದೆ ನೀನು" ಅಂತ ಸೊಸೇನ ಕೇಳೋದೊಂದು ಬಿಟ್ಬಿಡಿ.